ವ್ಯಾಗನ್ ಆರ್‌ಗೆ ಪ್ರೀಮಿಯಂ ಪೆಟ್ರೋಲ್: ಲೀಟರಿಗೆ ಎಂಟು ರೂಪಾಯಿ ಜಾಸ್ತಿ ಕೊಟ್ಟು ಸಿಕ್ಕಿದ್ದೇನು?

ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವುದು ನನ್ನ ಕೆಲಸ. ಗುಳೇದಗುಡ್ಡದಲ್ಲಿ ಖಣದ ವ್ಯಾಪಾರಿಗಳು, ಇಳಕಲ್‌ನಲ್ಲಿ ಸೀರೆ ಅಂಗಡಿಯವರು, ವಿಜಯಪುರದಲ್ಲಿ ಒಣದ್ರಾಕ್ಷಿ ಮಾರುವವರು. ಇವರೆಲ್ಲರ ಬಿಲ್ ಕಟ್ಟು ಹೊತ್ತು ತಿರುಗಬೇಕು. ಹೀಗಾಗಿ ಬಾಗಲಕೋಟೆ ನವನಗರದ ಮನೆಯಿಂದ ಕಾರು ಹೊರಗೆ ಬೀಳದ ವಾರವೇ ಇಲ್ಲ. ಕಾರು 2021ರ ವ್ಯಾಗನ್ ಆರ್. 1.2 ಲೀಟರ್ ಎಂಜಿನ್, ನಾಲ್ಕು ಸಿಲಿಂಡರ್, ಗಾಳಿ ಒತ್ತಿ ತುಂಬುವ ಟರ್ಬೊ ಗಿರ್ಬೊ ಏನೂ ಇಲ್ಲ. ಟ್ಯಾಂಕ್ 32 ಲೀಟರ್.

ಬಂಕಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ. ಹುಡುಗ ನಳಿಕೆ ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಾನೆ, "ಅಕ್ಕಾರ, ಪ್ರೀಮಿಯಂ ಹಾಕ್ಲ್ಯಾ? ಮೈಲೇಜ್ ಭಾಳ ಬರ್ತೈತ್ರಿ." ಭಾಳ ಅಂದರೆ ಎಷ್ಟು ಅಂತ ಕೇಳಿದರೆ ನಗುತ್ತಾನೆ. ಲೆಕ್ಕ ಬರೆಯುವವಳಿಗೆ "ಭಾಳ" ಅನ್ನುವ ಅಂಕಿ ಸಾಲುವುದಿಲ್ಲ. ಅದಕ್ಕೇ ಒಂದಷ್ಟು ಕಾಲ ಪ್ರೀಮಿಯಂ ಹಾಕಿಸಿ, ಒಂದಷ್ಟು ಕಾಲ ಸಾದಾ ಹಾಕಿಸಿ, ಬರೆದಿಟ್ಟೆ. ನಮ್ಮಂಥ ಸಾಮಾನ್ಯ ಕಾರಿಗೆ ಅದು ಬೇಕಾಗಿಲ್ಲ. ಯಾಕೆ ಬೇಕಾಗಿಲ್ಲ ಅನ್ನುವುದರಲ್ಲಿ ನಮ್ಮ ಕಡೆಯ ಕಬ್ಬಿನ ಪಾಲೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಮಾಲು ಯಾವುದು ಅಂತ ನೋಡೋಣ. ಇಂಡಿಯನ್ ಆಯಿಲ್‌ನಲ್ಲಿ ಎಕ್ಸ್‌ಪಿ95 ಇದೆ, ಎಚ್‌ಪಿಯಲ್ಲಿ ಪವರ್95, ಭಾರತ್ ಪೆಟ್ರೋಲಿಯಂನಲ್ಲಿ ಸ್ಪೀಡ್. ದೊಡ್ಡ ಊರುಗಳಲ್ಲಿ ಶೆಲ್‌ನ ವಿ-ಪವರ್ ಕೂಡ ಸಿಗುತ್ತದೆ. ಹೆಸರಿನ ಜೊತೆ ಅಂಕಿ ಇದ್ದರೆ ಅದು ಆಕ್ಟೇನ್ (ಅದೇನು ಅಂತ ಮುಂದೆ ಹೇಳುತ್ತೇನೆ). ಅಂಕಿ ಇಲ್ಲದಿದ್ದರೆ ಆಕ್ಟೇನ್ ಎಷ್ಟು ಅಂತ ಕೇಳಿಯೇ ತಿಳಿಯಬೇಕು. ಇವೆಲ್ಲದರ ಮೇಲೆ 2020ರ ಡಿಸೆಂಬರ್‌ನಲ್ಲಿ ಬಂದ ಎಕ್ಸ್‌ಪಿ100 ಇದೆ. ಬಂದಾಗಲೇ ಅದರ ಬೆಲೆ ಲೀಟರಿಗೆ 160 ರೂಪಾಯಿ ಆಸುಪಾಸು ಇತ್ತು. ಅದು ದುಬಾರಿ ಬೈಕು, ದುಬಾರಿ ಕಾರಿನವರ ಮಾತು, ಬಿಡಿ. ನಾನು ಹಾಕಿಸಿದ್ದು 95ರದ್ದು. ಯಾವ ಕಂಪನಿ ಅಂತ ಬರೆಯುವುದಿಲ್ಲ. ಈ ಮಾತು ಎಲ್ಲಾ 95ಕ್ಕೂ ಹೆಚ್ಚು ಕಡಿಮೆ ಒಂದೇ.

ನಾನು ಲೆಕ್ಕ ಹಾಕಿದಾಗ ನಮ್ಮಲ್ಲಿ ಸಾದಾ ಪೆಟ್ರೋಲ್ 103 ರೂಪಾಯಿ ಹತ್ತಿರ ಇತ್ತು, ಪ್ರೀಮಿಯಂ ಸುಮಾರು 111. ಎಂಟು ರೂಪಾಯಿ ವ್ಯತ್ಯಾಸ. ಮೂವತ್ತು ಲೀಟರ್ ಹಾಕಿಸಿದರೆ 240 ರೂಪಾಯಿ ಜಾಸ್ತಿ. ಆ ದುಡ್ಡು ಮೈಲೇಜಿನಲ್ಲಿ ವಾಪಸ್ ಬರಬೇಕಾದರೆ ಲೀಟರಿಗೆ 18 ಕಿಲೋಮೀಟರ್ ಕೊಡುವ ಕಾರು 19.4 ಕೊಡಬೇಕು. ಅಂದರೆ ಸುಮಾರು ಎಂಟು ಪರ್ಸೆಂಟ್ ಜಾಸ್ತಿ. ಎಂಟು ಪರ್ಸೆಂಟ್ ಅಂದರೆ ಸಣ್ಣ ಮಾತಲ್ಲ. ಬರೀ ಪೆಟ್ರೋಲ್ ಬದಲಿಸಿ ಅಷ್ಟು ಗಿಟ್ಟುವಂತಿದ್ದರೆ ಕಾರು ಕಂಪನಿಗಳೇ ಟಿವಿ ಜಾಹೀರಾತಿನಲ್ಲಿ ಕೂಗಿ ಹೇಳುತ್ತಿದ್ದವು ಅಲ್ವಾ?

ಈಗ ಆಕ್ಟೇನ್ ವಿಷಯ. ಬಹಳ ಜನ ಅದನ್ನು ಪೆಟ್ರೋಲಿನ "ಶಕ್ತಿ" ಅಂದುಕೊಂಡಿದ್ದಾರೆ. ಅದಲ್ಲ. ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲ್ ಒತ್ತಿ ಹಿಡಿದಾಗ ಬಿಸಿಯಾಗುತ್ತವೆ. ಸ್ಪಾರ್ಕ್ ಪ್ಲಗ್ ಕಿಡಿ ಹೊತ್ತಿಸಿ ಉರಿ ಹರಡುತ್ತಿರುವಾಗ, ಮೂಲೆಯಲ್ಲಿ ಉಳಿದ ಪೆಟ್ರೋಲ್ ತಾನೇ ತಾನಾಗಿ ಸಿಡಿಯಬಾರದು. ಸಿಡಿದರೆ ಅದೇ ನಾಕಿಂಗ್. ಹಾಗೆ ಸಿಡಿಯದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವ ಅಳತೆಯೇ ಆಕ್ಟೇನ್ ನಂಬರ್. ಐಸೊ-ಆಕ್ಟೇನ್ ಅನ್ನುವ ದ್ರವಕ್ಕೆ 100, ಹೆಪ್ಟೇನ್ ಅನ್ನುವುದಕ್ಕೆ ಸೊನ್ನೆ ಅಂತ ಇಟ್ಟುಕೊಂಡು ಇವೆರಡಕ್ಕೆ ಹೋಲಿಸಿ ಎಲ್ಲಾ ಪೆಟ್ರೋಲನ್ನೂ ಅಳೆಯುತ್ತಾರೆ. ತಡೆಯುವ ಗುಣ ಜಾಸ್ತಿ ಅಂದ ಮಾತ್ರಕ್ಕೆ ಒಳಗಿನ ಶಾಖ ಜಾಸ್ತಿ ಅಂತ ಅಲ್ಲ.

ಹಾಗಾದರೆ ಜಾಸ್ತಿ ಆಕ್ಟೇನ್ ಯಾರಿಗೆ ಬೇಕು? ಒಳಗೆ ಒತ್ತಡ ಜಾಸ್ತಿ ಇರುವ ಎಂಜಿನ್‌ಗೆ. ಟರ್ಬೊ ಇರುವ ಪೆಟ್ರೋಲ್ ಕಾರು, ಜೋರು ಓಡುವ ಬೈಕು, ಹೊರದೇಶದಲ್ಲಿ 95ಕ್ಕೇ ಅಂತ ಟ್ಯೂನ್ ಆಗಿ ಬಂದ ಕಾರು. ನಮ್ಮ ವ್ಯಾಗನ್ ಆರ್‌ನಂಥದ್ದನ್ನು ಇಲ್ಲಿನ ಸಾದಾ ಪೆಟ್ರೋಲ್ ಮೇಲೆ ಓಡಲಿ ಅಂತಲೇ ಮಾಡಿರುತ್ತಾರೆ. ಈಗಿನ ಕಾರುಗಳ ಎಂಜಿನ್ ಮೇಲೆ ನಾಕ್ ಸೆನ್ಸರ್ ಅಂತ ಒಂದು ಸಣ್ಣ ಕಿವಿ ಇರುತ್ತದೆ. ಆ ಲೋಹದ ಸದ್ದು ಕೇಳಿದ ಕೂಡಲೇ ಕಂಪ್ಯೂಟರ್ ಕಿಡಿ ಹೊತ್ತಿಸುವ ಹೊತ್ತನ್ನು ಒಂಚೂರು ತಡ ಮಾಡುತ್ತದೆ. ಆಗ ಸದ್ದು ನಿಲ್ಲುತ್ತದೆ, ಸ್ವಲ್ಪ ಶಕ್ತಿಯೂ ಹೋಗುತ್ತದೆ. ಒಳ್ಳೆಯ ಪೆಟ್ರೋಲ್ ಹಾಕಿದರೆ ಆ ಕಳೆದದ್ದು ವಾಪಸ್ ಬರುತ್ತದೆ. ಆದರೆ ಏನೂ ಕಳೆದೇ ಇಲ್ಲದಿದ್ದರೆ ವಾಪಸ್ ಬರುವುದೇನು? ಜ್ವರ ಇಲ್ಲದವನಿಗೆ ಜ್ವರದ ಗುಳಿಗೆ ಕೊಟ್ಟ ಹಾಗೆ.

ಇಲ್ಲೊಂದು ಮಾತು. ಅಮೆರಿಕದ ವಿಡಿಯೊ ನೋಡಿ "ಅಲ್ಲಿ ಸಾದಾದ್ದೇ 87, ನಮ್ಮದೇ ಮೇಲು" ಅಂತ ವಾದಿಸುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಅಲ್ಲಿನ ಬಂಕಿನಲ್ಲಿ ಬರೆಯುವ ಅಂಕಿ ಎರಡು ಅಳತೆಗಳ ಸರಾಸರಿ. ಅಲ್ಲಿನ 87 ಅಂದರೆ ನಮ್ಮ ಅಳತೆಯಲ್ಲಿ 91ರ ಹತ್ತಿರ. ಎಥೆನಾಲ್ ಜಾಸ್ತಿ ಬೆರೆಸುವ ಮೊದಲು ನಮ್ಮ ಸಾದಾ ಕೂಡ ಅಷ್ಟೇ ಇತ್ತು.

ಈಗ ಕಬ್ಬಿಗೆ ಬರೋಣ. ಹಿಂದೊಂದು ಕಾಲದಲ್ಲಿ ನಮ್ಮ ಸಾದಾ ಪೆಟ್ರೋಲಿನ ಆಕ್ಟೇನ್ 88 ಇತ್ತು, ಆಮೇಲೆ 91 ಆಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್6, ಅಂದರೆ ಗಾಡಿ ಹೊಗೆಯ ಹೊಸ ನಿಯಮ, ಬಂದಾಗಲೂ ಅದು 91. ಆ ಹೊತ್ತಿನಲ್ಲಿ 91 ಮತ್ತು 95ರ ನಡುವೆ ನಾಲ್ಕು ಅಂಕಿ ಅಂತರ ಇತ್ತು, ಪ್ರೀಮಿಯಂಗೆ ಒಂದು ಅರ್ಥವೂ ಇತ್ತು. ಆಮೇಲೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಶುರು ಮಾಡಿದರು. ಎಥೆನಾಲ್ 20 ಪರ್ಸೆಂಟ್, ಉಳಿದದ್ದು ಪೆಟ್ರೋಲ್. 2025ರ ಹೊತ್ತಿಗೆ ಅದೇ ಎಲ್ಲಾ ಕಡೆಯ ಸಾದಾ ಪೆಟ್ರೋಲ್ ಆಯಿತು. ಎಥೆನಾಲ್‌ನ ಸ್ವಂತ ಆಕ್ಟೇನ್ 108ರ ಮೇಲೆ. ಸಿಲಿಂಡರಿನೊಳಗೆ ಆವಿಯಾಗುವಾಗ ಅದು ತಂಪನ್ನೂ ಮಾಡುತ್ತದೆ. ಅದನ್ನು ಐದಕ್ಕೊಂದು ಪಾಲು ಬೆರೆಸಿದರೆ ಸಾದಾ ಪೆಟ್ರೋಲ್ ಕೂಡ 95 ತಲುಪುತ್ತದೆ. ಇದನ್ನು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿತು.

ನಮ್ಮ ಸುತ್ತಮುತ್ತ ಇದು ಕಣ್ಣಿಗೇ ಕಾಣುತ್ತದೆ. ಮುಧೋಳ, ಜಮಖಂಡಿ, ಬೀಳಗಿ ಕಡೆ ಸೀಜನ್‌ನಲ್ಲಿ ಒಂದು ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್ ಕಟ್ಟಿ, ಮನೆ ಎತ್ತರಕ್ಕೆ ಕಬ್ಬು ಹೇರಿ, ಹಾಡು ಹಾಕಿಕೊಂಡು ಹೋಗುತ್ತಾರೆ. ಹಿಂದೆ ಸಿಕ್ಕಿಕೊಂಡರೆ ಇಪ್ಪತ್ತರ ಸ್ಪೀಡು. ರಾತ್ರಿ ಹಿಂದಿನ ಟ್ರೇಲರ್‌ಗೆ ಲೈಟೂ ಇರುವುದಿಲ್ಲ, ಕಬ್ಬಿನ ಸೋಗೆ ಗಾಜಿಗೆ ಬಡಿದಾಗಲೇ ಗೊತ್ತಾಗುವುದು. ಆ ಕಬ್ಬಿನ ರಸ, ಕಾಕಂಬಿಯೇ ಫ್ಯಾಕ್ಟರಿಯಲ್ಲಿ ಎಥೆನಾಲ್ ಆಗಿ, ಡಿಪೋಗೆ ಹೋಗಿ, ನಮ್ಮ ಟ್ಯಾಂಕಿಗೆ ಬರುತ್ತದೆ. ಎಂಟು ರೂಪಾಯಿ ಜಾಸ್ತಿ ಕೊಟ್ಟು ಯಾವ 95 ತಗೊಳ್ಳಬೇಕಿತ್ತೋ, ಅದು ಆ ಟ್ರ್ಯಾಕ್ಟರ್ ಏರಿ ಸಾದಾ ನಳಿಕೆಯಲ್ಲೇ ಬಂದುಬಿಟ್ಟಿದೆ.

ಎಥೆನಾಲ್‌ನಿಂದ ಬರೀ ಲಾಭ ಅಂತ ನಾನು ಹೇಳುತ್ತಿಲ್ಲ. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಾಖ ಕಡಿಮೆ. ಹೀಗಾಗಿ ಮೈಲೇಜ್ ಸ್ವಲ್ಪ ಇಳಿದೇ ಇಳಿಯುತ್ತದೆ. ನೀತಿ ಆಯೋಗದ 2021ರ ವರದಿಯಲ್ಲೇ ಇದೆ: ಹಳೆಯ ಕಾರುಗಳಿಗೆ, ಅಂದರೆ ಎಥೆನಾಲ್ ಇಲ್ಲದ ಪೆಟ್ರೋಲಿಗೆ ಅಂತ ಮಾಡಿ ಇ10ಗೆ ಹೊಂದಿಸಿದವಕ್ಕೆ, 6ರಿಂದ 7 ಪರ್ಸೆಂಟ್ ನಷ್ಟ. ಇ10ಗೆ ಅಂತ ಮಾಡಿ ಇ20ಗೆ ಹೊಂದಿಸಿದವಕ್ಕೆ 1ರಿಂದ 2 ಪರ್ಸೆಂಟ್. ನನ್ನ ಕಾರು ಹೊಸದಿದ್ದಾಗ ಕೊಡುತ್ತಿದ್ದಷ್ಟು ಈಗ ಕೊಡುತ್ತಿಲ್ಲ, ಅದು ನಿಜ. ಆದರೆ ಅದಕ್ಕೆ 95 ಹಾಕಿಸುವುದು ಮದ್ದಲ್ಲ. ಇಳಿದದ್ದು ಶಾಖ, ಆಕ್ಟೇನ್ ಅಲ್ಲ.

ಈಗ ನನ್ನ ಪರೀಕ್ಷೆ. ದಾರಿ ಬಾಗಲಕೋಟೆಯಿಂದ ವಿಜಯಪುರ. ಗದ್ದನಕೇರಿ ಕ್ರಾಸ್ ದಾಟಿ, ಬೀಳಗಿ ಕ್ರಾಸ್, ಕೊರ್ತಿ, ಕೃಷ್ಣಾ ಹೊಳೆಯ ಉದ್ದ ಸೇತುವೆ, ಕೋಲ್ಹಾರ, ಮುಳವಾಡ, ವಿಜಯಪುರ. ಹೋಗುವಾಗ ಒಬ್ಬಳೇ, ಬರುವಾಗ ಕೋಲ್ಹಾರದ ಗಡಿಗೆ ಮೊಸರು ಪಕ್ಕದ ಸೀಟಿನಲ್ಲಿ. (ಬ್ರೇಕ್ ಹಾಕುವುದು ಎಷ್ಟು ಮೆತ್ತಗೆ ಅನ್ನುವುದನ್ನು ಆ ಗಡಿಗೆಯೇ ಕಲಿಸುತ್ತದೆ.) ಒಂದೇ ಬಂಕು, ಒಂದೇ ಜಾಗ, ನಳಿಕೆ ತಾನಾಗಿ ಕಟ್ ಆಗುವವರೆಗೆ ಮಾತ್ರ ತುಂಬಿಸುವುದು. ಹುಡುಗ ರೌಂಡ್ ಫಿಗರ್ ಮಾಡಲು ಮತ್ತೆ ಮತ್ತೆ ಒತ್ತದಂತೆ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಟ್ರಿಪ್ ಮೀಟರ್ ಸೊನ್ನೆ. ಸಾದಾದಿಂದ ಪ್ರೀಮಿಯಂಗೆ ಬದಲಿಸುವಾಗ ಟ್ಯಾಂಕ್ ತಳ ಕಾಣುವವರೆಗೆ ಓಡಿಸಿ, ಮೊದಲ ಟ್ಯಾಂಕನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಯಾಕೆಂದರೆ ಅದರಲ್ಲಿ ಹಳೆಯದು ಬೆರೆತಿರುತ್ತದೆ. ಡ್ಯಾಶ್‌ಬೋರ್ಡಿನ ಮೈಲೇಜ್ ಅಂಕಿಯನ್ನು ನಂಬಲಿಲ್ಲ. ಅದು ಯಾವಾಗಲೂ ನಮ್ಮನ್ನು ಖುಷಿಪಡಿಸಲು ನೋಡುತ್ತದೆ.

ಸಾದಾದಲ್ಲಿ 17.6ರಿಂದ 18.5 ಬಂತು. ಪ್ರೀಮಿಯಂನಲ್ಲಿ 17.8ರಿಂದ 18.7. ಸರಾಸರಿ ತೆಗೆದರೆ 18 ಮತ್ತು 18.2. ಕಿಲೋಮೀಟರಿಗೆ ಸಾದಾ 5 ರೂಪಾಯಿ 72 ಪೈಸೆ, ಪ್ರೀಮಿಯಂ 6 ರೂಪಾಯಿ 10 ಪೈಸೆ. ಸಾವಿರ ಕಿಲೋಮೀಟರಿಗೆ 380 ರೂಪಾಯಿ ಕೈಯಿಂದ ಹೋಯಿತು. ಆ 0.2 ಕಿಲೋಮೀಟರನ್ನೂ ಪೆಟ್ರೋಲಿನ ಲೆಕ್ಕಕ್ಕೆ ಹಾಕಲು ನನಗೆ ಧೈರ್ಯವಿಲ್ಲ. ಹೊಳೆ ಮೇಲಿನ ಎದುರುಗಾಳಿ ಒಂದು ದಿನ ಜೋರಾದರೆ ಅದಕ್ಕಿಂತ ಜಾಸ್ತಿ ತಿನ್ನುತ್ತದೆ. ಏಪ್ರಿಲ್‌ನಲ್ಲಿ ವಿಜಯಪುರದ ಬಿಸಿಲು ನಲವತ್ತು ದಾಟಿದಾಗ ಏಸಿ ಅದಕ್ಕಿಂತ ಜಾಸ್ತಿ ತಿನ್ನುತ್ತದೆ.

ಪಿಕಪ್ ಬಗ್ಗೆ ಮನೆಯವರಿಗೆ ಭಾರೀ ನಂಬಿಕೆ ಇತ್ತು. "ಪ್ರೀಮಿಯಂ ಹಾಕಿದ್ರ ಗಾಡಿ ಹಾರಿ ಹೋಗ್ತದ" ಅನ್ನುತ್ತಿದ್ದರು. ಒಂದು ಸಲ ಟ್ಯಾಂಕ್ ತುಂಬಿಸಿಕೊಂಡು ಬಂದು, ಯಾವುದು ಅಂತ ಹೇಳದೆ, ಕೀ ಕೊಟ್ಟೆ. ಬಾದಾಮಿವರೆಗೆ ಹೋಗಿ ಬಂದರು. ಬಂದವರೇ, "ನೋಡಿದ್ಯಾ, ಥರ್ಡ್ ಗೇರ್‌ನಾಗ ಲಾರಿ ಓವರ್‌ಟೇಕ್ ಮಾಡುವಾಗ ಗೊತ್ತಾಗ್ತದ" ಅಂದರು. ಬಿಲ್ ತೋರಿಸಿದೆ. ಸಾದಾ. ಎರಡು ದಿನ ಪೆಟ್ರೋಲ್ ಮಾತೇ ಎತ್ತಲಿಲ್ಲ.

ಬಾಗಲಕೋಟೆ ಕಡೆ ರಸ್ತೆ ಹೆಚ್ಚು ಕಡಿಮೆ ಸಮ. ಏರು ಇದ್ದಲ್ಲಿ ವ್ಯತ್ಯಾಸ ಕಾಣಬಹುದು ಅಂತ ಯಾರಾದರೂ ಕೇಳಬಹುದು. ಬೆಳಗಾವಿ ಮೇಲೆ ಗೋವಾಕ್ಕೆ ಹೋದಾಗ ಚೋರ್ಲಾ ಘಾಟಿನಲ್ಲಿ ಅದನ್ನೂ ನೋಡಿದೆ. ವಾಪಸ್ ಬರುವಾಗಿನ ಏರು, ನಾಲ್ಕು ಜನ, ಡಿಕ್ಕಿ ತುಂಬಾ ಸಾಮಾನು, ಏಸಿ. ಬೇಕಂತಲೇ ಗೇರ್ ಇಳಿಸದೆ ಎಳೆಸಿದೆ. ನಾಕಿಂಗ್ ಇದ್ದರೆ ಆಗ ಎಂಜಿನ್ ಕಡೆಯಿಂದ ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದಂಥ ಸಣ್ಣ ಕಟಕಟ ಕೇಳಬೇಕು. ಸಾದಾದಲ್ಲೂ ಕೇಳಲಿಲ್ಲ, ಇನ್ನೊಂದು ಸಲ ಪ್ರೀಮಿಯಂನಲ್ಲೂ ಕೇಳಲಿಲ್ಲ. ಸುಮ್ನೆ ಸೆಕೆಂಡ್ ಗೇರ್‌ಗೆ ಇಳಿಸಿದ್ದೇ ಎರಡಕ್ಕೂ ಒಳ್ಳೆಯ ಮದ್ದಾಯಿತು.

ಹಾಗಾದರೆ ಪ್ರೀಮಿಯಂನಲ್ಲಿ ಏನೂ ಇಲ್ಲವಾ? ಇದೆ. ಅಡಿಟಿವ್, ಅಂದರೆ ಒಳಗೆ ಕೂತ ಮಸಿ ತೊಳೆಯುವ ರಾಸಾಯನಿಕ. ಇಂಜೆಕ್ಟರಿನ ಸೂಜಿ ಬಾಯಲ್ಲಿ ಅಂಟು ಕೂತರೆ ಪೆಟ್ರೋಲ್ ಸಣ್ಣ ಮಂಜಿನಂತೆ ಸಿಂಪಡಿಸುವ ಬದಲು ಧಾರೆಯಾಗಿ ಬೀಳುತ್ತದೆ, ಸರಿಯಾಗಿ ಉರಿಯುವುದಿಲ್ಲ. ಅದನ್ನು ಅಡಿಟಿವ್ ನಿಧಾನವಾಗಿ ಬಿಡಿಸುತ್ತದೆ. ನನ್ನ ಕಾರಿನಂಥ ಪೋರ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಪೆಟ್ರೋಲ್ ವಾಲ್ವ್ ಹಿಂದೆಯೇ ಬೀಳುವುದರಿಂದ ವಾಲ್ವ್ ಕೂಡ ತೊಳೆದುಕೊಳ್ಳುತ್ತದೆ. ಇದು ಒಳ್ಳೆಯದೇ. ಆದರೆ ಇದಕ್ಕೆ ಪ್ರತಿ ಟ್ಯಾಂಕೂ ಬೇಕಾಗಿಲ್ಲ. ಅಪರೂಪಕ್ಕೊಂದು ಟ್ಯಾಂಕ್ ಹಾಕಿಸುತ್ತೇನೆ ಅನ್ನುವವರ ಜೊತೆ ನಾನು ಜಗಳ ಆಡುವುದಿಲ್ಲ. ತುಂಬಾ ದಿನ ಬರೀ ಊರೊಳಗೇ, ಮಾರ್ಕೆಟ್ಟಿಗೆ ಹೋಗಿ ಬರುವುದಕ್ಕಷ್ಟೇ ಓಡಿದ ಕಾರಿಗೆ ಅದರ ಜೊತೆ ಒಂದು ಉದ್ದ ಹೈವೇ ಓಟವನ್ನೂ ಕೊಡಿ.

ನನ್ನ ತಮ್ಮನದು ವೆನ್ಯೂ, 1.0 ಟರ್ಬೊ. ಅದು ಡೈರೆಕ್ಟ್ ಇಂಜೆಕ್ಷನ್. ಪೆಟ್ರೋಲ್ ನೇರ ಸಿಲಿಂಡರಿನೊಳಗೇ ಬೀಳುತ್ತದೆ, ವಾಲ್ವ್ ಹಿಂಭಾಗಕ್ಕೆ ಮುಟ್ಟುವುದೇ ಇಲ್ಲ. ಹಾಗಾಗಿ ಅಡಿಟಿವ್ ಅಲ್ಲಿ ವಾಲ್ವ್ ತೊಳೆಯಲಾರದು, ಇಂಜೆಕ್ಟರ್ ಮಾತ್ರ ಕ್ಲೀನ್ ಇಡುತ್ತದೆ. ಅವನು ಬೇಸಿಗೆಯಲ್ಲಿ ಪ್ರೀಮಿಯಂ ಹಾಕಿಸುತ್ತಾನೆ. ಟರ್ಬೊ, ಸುಡು ಬಿಸಿಲು, ಮೇಲೆ ಅವನ ಡ್ರೈವಿಂಗು, ಮೂರೂ ಸೇರಿದಾಗ ಬೇಡ ಅಂತ ನಾನು ಹೇಳಲಾರೆ. ನಿಮ್ಮ ಕಾರಿನ ಪುಸ್ತಕದಲ್ಲಿ ಅಥವಾ ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕರ್‌ನಲ್ಲಿ ಏನು ಬರೆದಿದೆ ನೋಡಿ. ಅಲ್ಲಿ 91 ಇದ್ದರೆ ಮಾತು ಮುಗಿಯಿತು.

ಎಕ್ಸ್‌ಪಿ100ನಲ್ಲಿ ಎಥೆನಾಲ್ ಇಲ್ಲ ಅಂತ ಹುಡುಕಿಕೊಂಡು ಹೋಗಿ ಹಾಕಿಸುವವರೂ ಇದ್ದಾರೆ. ಹಳೆಯ ಜಾವಾ, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೆ ರಬ್ಬರ್ ಪೈಪು, ಕಾರ್ಬ್ಯುರೇಟರ್ ಚಿಂತೆ ಇರುತ್ತದೆ. ವರ್ಷಕ್ಕೆ ನಾಲ್ಕು ಸಲ ಹೊರಗೆ ತೆಗೆಯುವ ಗಾಡಿಗೆ ಅದು ಸರಿ. ದಿನಾ ಓಡುವ ಗಾಡಿಗೆ ಅಷ್ಟು ದುಬಾರಿ ಪೆಟ್ರೋಲ್ ಹಾಕಿ ಯಾವ ಪೈಪ್ ಉಳಿಸುತ್ತೀರಿ? ಆ ದುಡ್ಡಿಗೆ ಹೊಸ ಪೈಪೇ ಬರುತ್ತದೆ.

ಬಂಕಿನ ಬಗ್ಗೆಯೂ ಎರಡು ಮಾತು. ಒಂದು ಕಡೆ ಹುಡುಗ ಕೇಳದೇ ಪ್ರೀಮಿಯಂ ನಳಿಕೆ ಇಟ್ಟುಬಿಟ್ಟ. ನಾನು ಫೋನಿನಲ್ಲಿದ್ದೆ. ಮೀಟರ್ ನೋಡಿ ನಿಲ್ಲಿಸು ಅನ್ನುವಷ್ಟರಲ್ಲಿ ಏಳು ಲೀಟರ್ ಹೋಗಿತ್ತು. ಮ್ಯಾನೇಜರ್ "ಛಲೋ ಪೆಟ್ರೋಲ್ ಹಾಕ್ಯಾನಲ್ರೀ" ಅಂತ ಅವನ ಪರವೇ ಮಾತಾಡಿದ. ದುಡ್ಡು ಕೊಟ್ಟು ಬಂದೆ, ಆಮೇಲೆ ಆ ಬಂಕಿಗೆ ಹೋಗಿಲ್ಲ. ಇನ್ನೊಂದು, ನಮ್ಮಂಥ ಊರುಗಳಲ್ಲಿ ಪ್ರೀಮಿಯಂ ನಿಧಾನವಾಗಿ ಖರ್ಚಾಗುತ್ತದೆ. ಸಾದಾ ಟ್ಯಾಂಕರ್ ಬಂದು ಬಂದು ಖಾಲಿಯಾಗುತ್ತಿರುವಾಗ ಪ್ರೀಮಿಯಂ ನೆಲದಡಿಯ ಟ್ಯಾಂಕಿನಲ್ಲಿ ಕೂತೇ ಇರುತ್ತದೆ. ಹೊಸದಾಗಿ ಬಂದ ಸಾದಾ, ಹಳೆಯ ಪ್ರೀಮಿಯಂಗಿಂತ ಮೇಲು ಅನ್ನುವುದು ನನ್ನ ಅಭಿಪ್ರಾಯ. ಅನುಮಾನ ಬಂದರೆ ಐದು ಲೀಟರ್ ಅಳತೆ ತೋರಿಸು ಅಂತ ಕೇಳುವ ಹಕ್ಕು ನಮಗಿದೆ. ಫಿಲ್ಟರ್ ಪೇಪರ್ ಕೂಡ ಕೇಳಬಹುದು. ಒಂದು ಹನಿ ಹಾಕಿ, ಆರಿದ ಮೇಲೆ ಕಲೆ ಉಳಿಯಬಾರದು. ಕೇಳಿದ ಕೂಡಲೇ ಹುಡುಗನ ಮಾತಿನ ಧಾಟಿಯೇ ಬದಲಾಗುವುದನ್ನು ನೋಡಿದ್ದೇನೆ.

ಉಳಿಸುವ ಆಸೆ ಇದ್ದರೆ ಗಡಿ ನೋಡಿ. ನಿಪ್ಪಾಣಿ ದಾಟಿ ಮಹಾರಾಷ್ಟ್ರಕ್ಕೆ ಹೋಗುವ ಮುಂಚೆ ನಮ್ಮ ಕಡೆಯೇ ತುಂಬಿಸಿಕೊಳ್ಳುವವರು ಬಹಳ. ಗೋವಾಕ್ಕೆ ಹೋದರೆ ಉಲ್ಟಾ, ನಾನು ಲೆಕ್ಕ ಹಾಕಿದಾಗ ಅಲ್ಲಿ ಲೀಟರಿಗೆ ಆರೇಳು ರೂಪಾಯಿ ಕಡಿಮೆ ಇತ್ತು, ವಾಪಸ್ ಬರುವಾಗ ಫುಲ್ ಟ್ಯಾಂಕ್. ಪ್ರೀಮಿಯಂಗೆ ಜಾಸ್ತಿ ಕೊಡುವಷ್ಟನ್ನು ಹೆಚ್ಚು ಕಡಿಮೆ ಅಲ್ಲಿ ಸಾದಾದಲ್ಲೇ ಉಳಿಸಬಹುದಿತ್ತು.

ಒಂದೊಂದು ಬಂಕಿನಲ್ಲಿ "ಸಾದಾ ಖಾಲಿ ಆಗೇತಿ, ಪ್ರೀಮಿಯಂ ಅಷ್ಟ ಐತಿ" ಅನ್ನುತ್ತಾರೆ. ಹಾಗೆಂದಾಗ ನಾನು ಇನ್ನೂರು ರೂಪಾಯಿಯದ್ದು ಹಾಕಿಸಿ, ಗದ್ದನಕೇರಿ ಕ್ರಾಸ್ ಕಡೆ ಮುಂದಿನ ಬಂಕಿಗೆ ಹೋಗುತ್ತೇನೆ.